ಮೇಷ್ಟ್ರು ಸಜ್ಜೆ ಮೇಲಿಟ್ಟ ಪುಸ್ತಕ

ಮೊನ್ನೆ ಭಾನುವಾರ ಸಕಲೇಶಪುರದ ಹತ್ರ ನೆಂಟರ ಮನೆ ಗೃಹಪ್ರವೇಶ. ಅಕ್ಕನ ಮಗಳು ಮೂಲೇಲಿ ಚಾಪೆ ಮೇಲೆ ಕೂತು ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ಕಾದಂಬರಿ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಓದ್ತಿದ್ಲು, ನಾನೇ ಕೊಡಿಸಿದ್ದು. ರಿಟೈರ್ಡ್ ಮೇಷ್ಟ್ರೊಬ್ಬರು ಬಂದವರೇ ಕಿತ್ಕೊಂಡು ಹಿಂದೆ ಮುಂದೆ ತಿರುಗಿಸಿ, ‘ಏನವ್ವ ಇದು, ಮಾಟ ಮಂತ್ರ, ದೆವ್ವ, ದ್ವೇಷ, ಇದೆಲ್ಲ ಮಕ್ಕಳ ತಲೆಗೆ ಯಾಕೆ, ನಮ್ ರಾಮಾಯಣ ಓದು’ ಅಂದು ಸಜ್ಜೆ ಮೇಲೆ ಇಟ್ಬಿಟ್ರು. ಆಮೇಲೆ ಊಟಕ್ಕೆ ಕೂತು, ಪಕ್ಕದ ತೋಟದವರು ಬೇಲಿ ಒತ್ತಿರೋ ವಿಷಯ ಎತ್ಕೊಂಡು ಹೋಳಿಗೆ ಬರೋ ತನಕ ಅವರ ವಂಶಾನೇ ಜಾಲಾಡಿದ್ರು. ದ್ವೇಷ ಮಕ್ಕಳ ತಲೆಗೆ ಹೋಗ್ಬಾರ್ದು ನೋಡಿ.

1968ರ ಪುಸ್ತಕ ಅದು. ಗೆಡ್ ಅನ್ನೋ ಹುಡುಗ ಮಂತ್ರವಿದ್ಯೆ ಶಾಲೇಲಿ ಇನ್ನೊಬ್ಬನ ಮೇಲಿನ ಉರಿಗೆ, ನಾನೇನ್ ಕಮ್ಮಿ ಅಂತ ತೋರ್ಸೋಕೆ ಹೋಗಿ ಸತ್ತವಳ ಆತ್ಮ ಕರೀತಾನೆ. ಜೊತೆಗೇ ಒಂದು ಕಪ್ಪು ನೆರಳು ನುಗ್ಗಿ ಅವನ ಮುಖ ಪರಚುತ್ತೆ. ಆ ಬಾಗಿಲು ಮುಚ್ಚೋಕೆ ಹೋದ ಹಿರಿಗುರು ಪ್ರಾಣಾನೇ ಬಿಡ್ತಾರೆ. ಹುಡುಗ ಓಡ್ತಾನೆ, ಓಡಿದಷ್ಟೂ ಅದು ಬೆನ್ನು ಬಿಡಲ್ಲ. ತಿರುಗಿ ನೀನೇ ಅಟ್ಟಿಸ್ಕೊಂಡು ಹೋಗು ಅಂತ ಹಳೇ ಗುರು ಹೇಳಿದ ಮೇಲೆ ಸಮುದ್ರ ದಾಟಿ ಹೋಗಿ ಅದನ್ನ ಹೆಸರು ಹಿಡಿದು ಕೂಗ್ತಾನೆ. ಏನ್ ಹೆಸರು ಗೊತ್ತಾ? ಗೆಡ್. ಅವನದೇ.

ಇದನ್ನ ಓದಿ ಮಗು ಕೆಡುತ್ತಂತೆ!

ಆಯ್ತು ಮೇಷ್ಟ್ರೇ, ರಾಮಾಯಣಾನೇ ಓದೋಣ, ನಮ್ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೇಲಿ ಹುಟ್ಟಿದ ಕುವೆಂಪು ಅವರದ್ದು, ಜ್ಞಾನಪೀಠ ಬಂದಿದ್ದು. ಅದ್ರಲ್ಲಿ ರಾವಣ ತನ್ನೊಳಗೇ ಬೆಂದು ಬೆಂದು ಕೊನೆಗೆ ಸೀತೇನ ತಾಯಿ ಅಂತ ಕಾಣೋ ಮಟ್ಟಕ್ಕೆ ಬರ್ತಾನೆ. ಓದಿದೀರಾ ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ನಮ್ಮಪ್ಪಂಗೂ ಪಾಠ ಮಾಡಿದವರು, ನಾಲಿಗೆ ಏಳಲಿಲ್ಲ.

ಮಕ್ಕಳು ರಾತ್ರಿ ಹೆದರ್ಕೊಳ್ಳಲ್ವಾ ಅಂತೀರಾ? ಯಾವ ಕಡೆ ಆನೆ ಇದೆ ಅಂತ ವಾಟ್ಸಾಪ್ ನೋಡ್ಕೊಂಡು ಸ್ಕೂಲಿಗೆ ಹೊರಡೋ ಮಕ್ಕಳು ರೀ ಇವು.

ನಿಜ ಹೇಳ್ಬೇಕಂದ್ರೆ ನನಗೆ ಉರಿದಿದ್ದು ಮೇಷ್ಟ್ರ ಮೇಲಷ್ಟೇ ಅಲ್ಲ. ಕತ್ತಲಾದ ಮೇಲೆ ಹಾವು ಅನ್ಬಾರ್ದು, ಹುಳ ಅನ್ಬೇಕು ಅಂತ ನಮ್ಮಜ್ಜಿ ಹೇಳೋರು, ಹೆಸರು ಹಿಡಿದ್ರೆ ಬಂದ್ಬಿಡುತ್ತಂತೆ. ನಮ್ಮನೇಲಿ ಚಿಕ್ಕಪ್ಪನ ಮಗನ ಹೆಸರು ಎತ್ತಿ ಹನ್ನೊಂದು ವರ್ಷ ಆಯ್ತು. ಕೆರೆ ಪಕ್ಕದ ಒಂದೂವರೆ ಎಕರೆ ತೋಟದ ಕೇಸು, ನಿಮಗೆಲ್ಲ ಗೊತ್ತಿರೋದೇ. ಅವನು ‘ಕೆಳಮನೆಯೋನು’ ಅಷ್ಟೇ. ಹೋದ ಮಳೆಗಾಲ ಅವನ ಜೀಪು ಮಗುಚ್ಕೊಳ್ತು ಅಂತ ಫೋನ್ ಬಂದಾಗ ಕಾಫಿ ಲೋಟ ಬಾಯಿ ಹತ್ರ ಇತ್ತು. ಹೊಟ್ಟೆಯೊಳಗೆ ತಣ್ಣಗಾಯ್ತು. ಕಾಫಿಯಿಂದ ಅಲ್ಲ. ಏನೂ ಆಗಿಲ್ವಂತೆ ಅಂದಾಗ ಲೋಟ ಕೆಳಗಿಟ್ಟೆ, ಪೂರ್ತಿ ಕುಡೀಲಿಲ್ಲ. ಮೊನ್ನೆ ಅವನೂ ಬಂದಿದ್ದ, ಎದುರು ಪಂಕ್ತೀಲೇ ಕೂತಿದ್ದ. ಇಬ್ರೂ ಎಲೆ ನೋಡ್ಕೊಂಡೇ ಊಟ ಮಾಡಿದ್ವಿ. ಮೇಷ್ಟ್ರು ಬೇಲಿ ಬೇಲಿ ಅಂತ ಕೂಗಿದಾಗೆಲ್ಲ ನನ್ ಕಿವಿ ಬಿಸಿ ಆಗ್ತಿತ್ತು.

ಪುಸ್ತಕ ಸಜ್ಜೆ ಮೇಲೇ ಉಳೀತು. ಆ ಕಡೆಯಿಂದ ಮೂಡಿಗೆರೆಗೆ ಯಾರಾದ್ರೂ ಬರೋರಿದ್ರೆ ದಯವಿಟ್ಟು ಇಸ್ಕೊಂಡು ಬನ್ನಿ, ಇನ್ನು ನಲವತ್ತು ಪುಟ ಬಾಕಿ ಅಂತ ಮುಖ ಊದಿಸ್ಕೊಂಡು ಕೂತವಳೆ. ಈ ಪೋಸ್ಟ್ ಮಾತ್ರ ಅವಳಿಗೆ ತೋರಿಸ್ಬೇಡಿ, ಕೊನೆ ಹೇಳ್ಬಿಟ್ಟಿದೀನಿ.