ಪಾಯಿಂಟ್ ಎಂಟು ಎಂಟು ಸೊನ್ನೆ

ಒಬ್ಬ ಗೋಲ್‌ಕೀಪರ್ ಲಾಯಕ್ಕೋ ನಾಲಾಯಕ್ಕೋ ಎಂದು ತೀರ್ಪು ಕೊಡೋಕೆ ಎಷ್ಟು ಹೊತ್ತು ಬೇಕು? ಅಮೆರಿಕದ ಸ್ಯಾನ್ ಹೋಸೆ ಶಾರ್ಕ್ಸ್ ಐಸ್ ಹಾಕಿ ತಂಡದ ಅಭಿಮಾನಿಗಳನ್ನು ಕೇಳಿ ನೋಡಿ, ಮೊದಲ ಪಿರಿಯಡ್ಡು ಮುಗಿಯುವ ತನಕವೂ ಕಾಯಬೇಕಿಲ್ಲ ಅನ್ನುತ್ತಾರೆ. ಯಾರೋಸ್ಲಾವ್ ಅಸ್ಕರೋವ್ ಎಂಬ ಹುಡುಗನನ್ನು ತಂಡ ತಂದುಕೊಂಡದ್ದು 2024ರ ಆಗಸ್ಟಿನಲ್ಲಿ. ಆ ಟ್ರೇಡಿನಿಂದ ಲಾಭವಾಯಿತೋ ನಷ್ಟವಾಯಿತೋ ಎಂಬ ಪಂಚಾಯ್ತಿ ಅವತ್ತು ಶುರುವಾದದ್ದು ಇನ್ನೂ ಎದ್ದಿಲ್ಲ. ಪಂದ್ಯಕ್ಕೊಂದು ತೀರ್ಪು, ಗೋಲಿಗೊಂದು ಮೇಲ್ಮನವಿ. ಸ್ಯಾನ್ ಹೋಸೆ ಸುತ್ತಿನ ಬೇ ಏರಿಯಾದ ನಮ್ಮವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಬಂದ ಹೊಸದರಲ್ಲಿ ಆಫೀಸಿನವರು ಕೊಟ್ಟ ಪುಕ್ಕಟೆ ಟಿಕೆಟ್ಟಿಗೆ ಹೋಗಿ, ಪಕ್ ಎಲ್ಲಿದೆ ಅಂತಲೇ ಕಾಣದೆ, ಪಾಪ್‌ಕಾರ್ನ್ ತಿಂದು, ಚಳಿ ಚಳಿ ಅಂತ ವಾಪಸು ಬಂದವರೆಲ್ಲ ಈಗ ಜನರಲ್ ಮ್ಯಾನೇಜರ್ ಮೈಕ್ ಗ್ರಿಯರ್‌ಗೆ ಬುದ್ಧಿ ಹೇಳುವಷ್ಟು ಬೆಳೆದಿದ್ದಾರೆ.

ಟ್ರೇಡ್ ಏನು ಎತ್ತ ಅಂತ ತಿಳಿದುಕೊಂಡು ಜಗಳ ಆಡಿದರೆ ನನ್ನದೇನೂ ತಕರಾರಿಲ್ಲ. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಏರ್ಪಾಡಿಗೆ ಡ್ರಾಫ್ಟ್ ಅನ್ನುತ್ತಾರೆ. ನ್ಯಾಶ್‌ವಿಲ್ ತಂಡದವರು 2020ರ ಡ್ರಾಫ್ಟಿನಲ್ಲಿ ಅಸ್ಕರೋವ್‌ನನ್ನು 11ನೆಯವನಾಗಿ ಆರಿಸಿದ್ದರು. ಗೋಲ್‌ಕೀಪರ್ ಒಬ್ಬನಿಗೆ ಅಷ್ಟು ಮೇಲಿನ ಜಾಗ ಸಿಗುವುದೇ ಅಪರೂಪ. ಆಮೇಲೆ 2024ರ ಜುಲೈ ಒಂದರಂದು ಅದೇ ತಂಡ ತನ್ನ ಪಳಗಿದ ಗೋಲ್‌ಕೀಪರ್ ಯೂಸೆ ಸಾರೋಸ್‌ಗೆ ಎಂಟು ವರ್ಷದ ಹೊಸ ಕರಾರು ಬರೆದುಕೊಟ್ಟಿತು. ಗೋಲಿನ ಮುಂದೆ ನಿಲ್ಲುವವನು ಒಬ್ಬನೇ ತಾನೆ. ಇಪ್ಪತ್ತೆರಡರ ಹುಡುಗ ಎಂಟು ವರ್ಷ ಬೆಂಚು ಬೆಚ್ಚಗೆ ಮಾಡುತ್ತ ಕೂರುತ್ತಾನೆಯೇ? ನನ್ನನ್ನು ಬೇರೆ ಕಡೆ ಕಳಿಸಿ ಅಂದ. ಸ್ಯಾನ್ ಹೋಸೆ ಅವನ ಬದಲಿಗೆ ಡೇವಿಡ್ ಎಡ್‌ಸ್ಟ್ರಮ್ ಎಂಬ ಎಳೆ ಸೆಂಟರ್ ಆಟಗಾರನನ್ನೂ ಮ್ಯಾಗ್ನಸ್ ಕ್ರೋನಾ ಎಂಬ ಗೋಲ್‌ಕೀಪರನ್ನೂ 2025ರ ಡ್ರಾಫ್ಟಿನ ಒಂದು ಮೊದಲ ಸುತ್ತಿನ ಪಿಕ್ಕನ್ನೂ, ಅಂದರೆ ಆರಿಸುವ ಸರದಿಯನ್ನೂ, ಕೊಟ್ಟಿತು.

‘ಮೊದಲ ಸುತ್ತಿನ ಪಿಕ್’ ಅಂದ ತಕ್ಷಣ ನಮ್ಮವರು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ಸ್ವಾಮಿ, ಅದು ವೇಗಸ್ ತಂಡದ ಪಿಕ್. ಗೆಲ್ಲುವ ತಂಡದ ಪಿಕ್ ಸುತ್ತಿನ ಕೊನೆಗೆ ಬೀಳುತ್ತದೆ, ಸೋಲುವ ತಂಡದ್ದು ಮೊದಲಿಗೆ. ಸೋತು ಸುಣ್ಣವಾದ ಶಾರ್ಕ್ಸ್ ತನ್ನ ಸ್ವಂತ ಪಿಕ್ಕನ್ನು ಮುಟ್ಟಿರಲೇ ಇಲ್ಲ. ಅದರಲ್ಲಿ ಎರಡನೆಯವನಾಗಿ ಮೈಕಲ್ ಮೀಸಾ ಬಂದ. ಈ ಎರಡು ಪಿಕ್ಕುಗಳನ್ನು ಬೇರೆ ಬೇರೆ ಅಂತ ಒಪ್ಪಿಸುವಷ್ಟರಲ್ಲಿ ಗಂಟಲು ಒಣಗುತ್ತದೆ. ಒಪ್ಪಿದ ಮೇಲೂ ಹೇಳುವುದು ಒಂದೇ: “ಆದ್ರೂ ಜಾಸ್ತಿ ಕೊಟ್ರು ಬಿಡಿ.”

ಇನ್ನು ಕೊಡಗಿನ ಕಡೆಯವರೋ, ಹುಲ್ಲಿನ ಮೇಲಿನ ಹಾಕಿ ನೋಡಿ ಬೆಳೆದ ಬೇರೆಯವರೋ ಇದ್ದರೆ ಅವರ ಪ್ರಶ್ನೆಯೇ ಬೇರೆ. ಅಲ್ಲಿ ಗೋಲು 12 ಅಡಿ ಅಗಲ, 7 ಅಡಿ ಎತ್ತರ. ಇಲ್ಲಿ 6 ಅಡಿಗೆ 4 ಅಡಿ ಅಷ್ಟೆ. ಅದರ ಮುಂದೆ ಆರಡಿ ಮೂರಂಗುಲದ ಆಳು, ಕಾಲಿಗೆ 11 ಅಂಗುಲ ಅಗಲದ ಪ್ಯಾಡು, ಎದೆಗೆ ಹಾಸಿಗೆಯಂಥ ಕವಚ. “ಸುಮ್ನೆ ನಿಂತ್ಕೊಂಡ್ರೂ ಸಾಕಲ್ರೀ, ಅದು ಹೆಂಗೆ ಒಳಗೆ ಹೋಗತ್ತೆ?” ನ್ಯಾಯವಾದ ಪ್ರಶ್ನೆಯೇ. ಪಕ್ ಅನ್ನುವುದು ಮೂರಂಗುಲ ಅಗಲ, ಒಂದಂಗುಲ ದಪ್ಪದ ರಬ್ಬರ್ ಬಿಲ್ಲೆ. ಪುಟಿಯದೆ ಜಾರಲಿ ಅಂತ ಆಟಕ್ಕೆ ಮುಂಚೆ ಅದನ್ನು ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡುತ್ತಾರೆ. ನೇರವಾಗಿ ಬಂದರೆ ಗೋಲ್‌ಕೀಪರ್ ಹಿಡಿಯುತ್ತಾನೆ. ನೇರವಾಗಿ ಯಾರು ಹೊಡೆಯುತ್ತಾರೆ? ಎದುರಾಳಿ ಒಬ್ಬ ಇವನ ಕಣ್ಣಿಗೆ ಅಡ್ಡ ನಿಲ್ಲುತ್ತಾನೆ, ಇನ್ನೊಬ್ಬ ಕೋಲಿನ ತುದಿ ಸೋಕಿಸಿ ದಿಕ್ಕು ತಪ್ಪಿಸುತ್ತಾನೆ, ಮತ್ತೊಬ್ಬ ಬಲದಿಂದ ಎಡಕ್ಕೆ ಪಾಸು ಕೊಡುತ್ತಾನೆ. ಆ ಪಾಸಿನ ಹಿಂದೆ ಗೋಲ್‌ಕೀಪರ್ ಈ ಕಂಬದಿಂದ ಆ ಕಂಬಕ್ಕೆ ಜಾರಬೇಕು. ಜಾರಲು ಒಂದು ಕಾಲು ಒತ್ತಿದ ಕ್ಷಣ ಎರಡು ಕಾಲಿನ ನಡುವೆ ಸಂದು ಬಿಡುತ್ತದೆ, ಪಕ್ ನುಗ್ಗುವುದು ಅಲ್ಲೇ. ಕಂಬಕ್ಕೆ ಅಂಟಿಕೊಂಡು ಮಂಡಿಯೂರಿದರೆ ಸಂದು ಮುಚ್ಚುತ್ತದೆ, ಆದರೆ ಕಿವಿಯ ಪಕ್ಕ, ಭುಜದ ಮೇಲೆ ಕಿಂಡಿ ತೆರೆಯುತ್ತದೆ. ಡಿಫೆನ್ಸು ಗಟ್ಟಿ ಇದ್ದರೆ ಇಂಥ ಪಾಸು ರಾತ್ರಿಗೆ ನಾಲ್ಕೈದು ಸಲ ಬರಬಹುದು. ಹೊಸದಾಗಿ ಕಟ್ಟುತ್ತಿರುವ ತಂಡದಲ್ಲಿ ಪಕ್ಕನ್ನು ತಮ್ಮ ಕಡೆಯ ನೀಲಿ ಗೆರೆಯ ಹತ್ತಿರವೇ ಎದುರಾಳಿಗೆ ಒಪ್ಪಿಸಿ ಬರುವ ಹುಡುಗರಿರುವಾಗ ಅದಕ್ಕೆ ಲೆಕ್ಕವೇ ಇಲ್ಲ.

ಇದನ್ನೆಲ್ಲ ಯಾರು ಕೇಳುತ್ತಾರೆ! ಪ್ರತಿ ಗುಂಪಿನಲ್ಲೂ ಒಬ್ಬ ದಶಮಾಂಶ ರಾಯರು ಇರುತ್ತಾರಲ್ಲ, ಅವರಂತೂ ಕೇಳುವುದಿಲ್ಲ. ಅವರಿಗೆ ಮಂಜೂ ಬೇಡ, ಪಕ್ಕೂ ಬೇಡ. ಬೇಕಾದದ್ದು ಒಂದೇ, ಸೇವ್ ಪರ್ಸೆಂಟೇಜ್. ತಡೆದದ್ದನ್ನು ಗೋಲಿನತ್ತ ಬಂದ ಹೊಡೆತಗಳಿಂದ ಭಾಗಿಸಿ, ಮೂರನೇ ದಶಮಾಂಶದ ತನಕ. ರಾಯರು ಮೊಬೈಲ್ ತೆರೆದು ತೊಡೆಯ ಮೇಲಿಟ್ಟುಕೊಂಡೇ ಆಟ ನೋಡುತ್ತಾರೆ. 24 ಹೊಡೆತ, 2 ಗೋಲು: “ಪಾಯಿಂಟ್ ಒಂಬತ್ತು ಒಂದು ಏಳು! ಮುಂದಿನ ಹತ್ತು ವರ್ಷ ಇವನೇ, ಬರೆದಿಟ್ಕೊಳ್ಳಿ.” ಯಾರೂ ಬರೆದಿಟ್ಟುಕೊಳ್ಳುವ ಮೊದಲೇ 25ನೆಯದು ನಮ್ಮ ಡಿಫೆಂಡರನದೇ ಸ್ಕೇಟಿಗೆ ಬಡಿದು ಒಳಗೆ ಹೋಗುತ್ತದೆ. “ಎಂಟು ಎಂಟು ಸೊನ್ನೆ! ನಾನು ಅವತ್ತೇ ಹೇಳ್ಲಿಲ್ವಾ? ಬ್ಯಾರಕೂಡಾಗೆ ವಾಪಸ್ ಕಳಿಸ್ಲಿ.” ಬ್ಯಾರಕೂಡಾ ಅಂದರೆ ಇದೇ ಊರಿನಲ್ಲಿರುವ ಕೆಳಗಿನ ಲೀಗಿನ ತಂಡ. ಶಾರ್ಕ್ಸ್‌ಗೆ ಬಂದ ಮೇಲೆ ಅಸ್ಕರೋವ್‌ನನ್ನು ಮೊದಲು ಆಡಿಸಿದ್ದು ಅಲ್ಲೇ. 26ನೆಯದನ್ನು ಹಿಡಿದ, ಎಂಟು ಎಂಟು ಐದು. ರಾಯರ ಮುಖದಲ್ಲಿ ತುಸು ಕಳೆ. 27ನೆಯದೂ ಹಿಡಿದ, ಎಂಟು ಎಂಟು ಒಂಬತ್ತು. ‘ಅವತ್ತೇ ಹೇಳಿದ್ದು’ ಯಾವುದು ಅನ್ನುವುದೇ ಈಗ ಬದಲಾಗುತ್ತಿದೆ. ಮೂವತ್ತಕ್ಕೆ ಮೂರೇ ಗೋಲು ಆದಾಗ ಸರಿಯಾಗಿ ಪಾಯಿಂಟ್ ಒಂಬತ್ತು ಸೊನ್ನೆ ಸೊನ್ನೆ. ರಾಯರು ಹತ್ತು ವರ್ಷದ ಕರಾರನ್ನು ಐದು ವರ್ಷಕ್ಕೆ ಇಳಿಸಿ, ದೊಡ್ಡ ಮನಸ್ಸು ಮಾಡಿ ಮಂಜೂರು ಮಾಡುತ್ತಾರೆ.

ಅಸಲು ತಮಾಷೆ ಕೊನೆಯ ಎರಡು ನಿಮಿಷದ್ದು. ಶಾರ್ಕ್ಸ್ 3–2ರಲ್ಲಿ ಹಿಂದಿದೆ. ಗೋಲ್‌ಕೀಪರನ್ನು ಬೆಂಚಿಗೆ ಕರೆಸಿ, ಅವನ ಬದಲು ಆರನೆಯ ಆಟಗಾರನನ್ನು ಇಳಿಸುತ್ತಾರೆ. ಗೋಲು ಬಾಗಿಲು ತೆರೆದಿಟ್ಟ ಮನೆ. ಎದುರಾಳಿ ನಡುಗೆರೆಯಿಂದ ಪಕ್ಕನ್ನು ಹಾಗೇ ನೂಕುತ್ತಾನೆ, ಅದು ಅವಸರವಿಲ್ಲದೆ ಜಾರಿಕೊಂಡು ಒಳಗೆ ಸೇರುತ್ತದೆ. ಆ ಹೊತ್ತಿಗೆ ಅಸ್ಕರೋವ್ ಬೆಂಚಿನ ಹತ್ತಿರ ಮುಖವಾಡ ಮೇಲೆತ್ತಿ ನೀರು ಕುಡಿಯುತ್ತಿರುತ್ತಾನೆ. ರಾಯರು ಹೌಹಾರುತ್ತಾರೆ: “ಎಂಟು ಏಳು ಒಂದು! ಇವನನ್ನ ಕಟ್ಕೊಂಡು ಏನ್ರೀ ಮಾಡೋದು?” ರಾಯರೇ, ಅವನು ಅಲ್ಲಿ ಇರಲೇ ಇಲ್ಲ. ಖಾಲಿ ಗೋಲಿಗೆ ಹೋದದ್ದು ಗೋಲ್‌ಕೀಪರನ ಲೆಕ್ಕಕ್ಕೆ ಬರುವುದಿಲ್ಲ, ನಿಯಮವೇ ಹಾಗಿದೆ. “ನಿಯಮ ಇರ್ಲಿ ರೀ, ಗೋಲು ಗೋಲೇ ಅಲ್ವಾ?” ಅವರ ಕಣ್ಣಲ್ಲಿ ಆ ಹುಡುಗ ನೀರು ಕುಡಿಯುತ್ತಲೇ ಒಂದು ಗೋಲು ಬಿಟ್ಟ. ನನ್ನ ಪಿತ್ತ ನೆತ್ತಿಗೇರುವುದು ಇಲ್ಲೇ. ಪಂದ್ಯಕ್ಕೆ 30 ಹೊಡೆತ ಅಂತಿಟ್ಟುಕೊಂಡರೆ ಪಾಯಿಂಟ್ ಒಂಬತ್ತು ಒಂದು ಸೊನ್ನೆಯವನಿಗೂ ಒಂಬತ್ತು ಸೊನ್ನೆ ಸೊನ್ನೆಯವನಿಗೂ ಇರುವ ಅಂತರ ಮೂರು ಚಿಲ್ಲರೆ ಪಂದ್ಯಕ್ಕೆ ಒಂದು ಗೋಲು. 60 ಪಂದ್ಯ ಆಡಿಸಿ, 1800 ಹೊಡೆತ ಎದುರಿಸಿದ ಮೇಲೆ ಅದು 18 ಗೋಲಾಗಿ ಕಣ್ಣಿಗೆ ಬೀಳುತ್ತದೆ. ಒಂದು ರಾತ್ರಿಯ ಅಂಕಿಯಲ್ಲಿ ಕಾಣುವುದು ಗೋಲ್‌ಕೀಪರನಲ್ಲ, ಅವನ ಮುಂದೆ ಆಡಿದ ಐವರು.

ಇಷ್ಟೆಲ್ಲ ಮಾತಾಡುವವರು ಒಂದು ಒಳ್ಳೆಯ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅಸ್ಕರೋವ್ ಬಲಗೈಯಲ್ಲಿ ಹಿಡಿಯುವವನು. ಹೆಚ್ಚಿನವರಿಗೆ ಗ್ಲೌಸು ಎಡಗೈಗೆ, ಕೋಲು ಬಲಗೈಗೆ; ಇವನದು ಉಲ್ಟಾ. ವರ್ಷಗಟ್ಟಲೆ ಒಂದೇ ಕಡೆಗೆ ಗುರಿಯಿಟ್ಟು ರೂಢಿಯಾದವರಿಗೆ ಇವನ ಮುಂದೆ ಅರೆಗಳಿಗೆ ಲೆಕ್ಕ ತಪ್ಪುತ್ತದೆ. ಚರ್ಚೆ ಮಾಡುವುದಾದರೆ ಇದರ ಬಗ್ಗೆ ಮಾಡಬಾರದೇ?

ಹಳಬರು ಮಾತ್ರ ಈ ಜಗಳಕ್ಕೆ ಇಳಿಯುವುದಿಲ್ಲ, ಅವರಿಗೆ ಕಿಪ್ರುಸಾಫ್ ನೆನಪಾಗುತ್ತಾನೆ. 2003ರ ನವೆಂಬರಿನಲ್ಲಿ ಶಾರ್ಕ್ಸ್ ತನ್ನಲ್ಲಿ ಹೆಚ್ಚಾಗಿದ್ದ ಗೋಲ್‌ಕೀಪರ್ ಮೀಕಾ ಕಿಪ್ರುಸಾಫ್‌ನನ್ನು ಒಂದು ಎರಡನೇ ಸುತ್ತಿನ ಪಿಕ್ಕಿಗೆ ಕ್ಯಾಲ್ಗರಿಗೆ ಸಾಗಹಾಕಿತು. ಅದೇ ಸೀಸನ್ನಿನ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನಲ್ಲಿ ಶಾರ್ಕ್ಸನ್ನು ಮನೆಗೆ ಕಳಿಸಿದ್ದು ಕ್ಯಾಲ್ಗರಿ, ಗೋಲಿನಲ್ಲಿ ನಿಂತಿದ್ದವನು ಅವನೇ. ಘೋರ ನಷ್ಟ ಅಂತೀರಾ? ಆ ಪಿಕ್ಕಿನಲ್ಲಿ ಬಂದ ಮಾರ್ಕ್ ಎಡ್ವಾರ್ ವ್ಲಾಸಿಕ್ 2025ರವರೆಗೆ ಇಲ್ಲೇ ಉಳಿದು 1300ಕ್ಕೂ ಹೆಚ್ಚು ಪಂದ್ಯ ಆಡಿದ. ಯಾರು ಗೆದ್ದರು ಅಂತ ಇಪ್ಪತ್ತು ವರ್ಷ ಕಳೆದರೂ ಇತ್ಯರ್ಥವಾಗಿಲ್ಲ. ರಾಯರಿಗೆ ಎರಡನೇ ಪಿರಿಯಡ್ಡಿಗೇ ಆಗುತ್ತದೆ.

ಅಭಿಮಾನಿಗಳ ಸಿಟ್ಟಿನ ಮೂಲವೂ ಗೊತ್ತು. ಎಡ್‌ಸ್ಟ್ರಮ್ ಮತ್ತು ಆ ವೇಗಸ್ ಪಿಕ್ ಬಂದದ್ದೇ 2024ರ ಮಾರ್ಚಿನಲ್ಲಿ ತೊಮಾಶ್ ಹೆರ್ಟ್ಲ್‌ನನ್ನು ಬಿಟ್ಟುಕೊಟ್ಟಾಗ. ನಗುನಗುತ್ತ ಆಡುತ್ತಿದ್ದ, ಊರಿಗೆ ಊರೇ ಹಚ್ಚಿಕೊಂಡಿದ್ದ ಆಟಗಾರ. ಅವನ ಸಂಬಳದ 17 ಶೇಕಡಾವನ್ನು ಸ್ಯಾನ್ ಹೋಸೆ ಈಗಲೂ ತೆರುತ್ತಿದೆ, ಮಾರಿದ ಸ್ಕೂಟರಿನ ಕಂತು ಕಟ್ಟುತ್ತಿರುವ ಹಾಗೆ. 2016ರಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್ ಆಡಿದ ತಂಡವಿದು. ಅವತ್ತಿನ ತಾರೆಗಳಾದ ಥಾರ್ನ್‌ಟನ್, ಪವೆಲ್ಸ್ಕಿ, ಮಾರ್ಲೋ ಒಬ್ಬೊಬ್ಬರೇ ಹೋದರು. 2019ರ ಮೇಲೆ 2025ರ ತನಕ ವರ್ಷವರ್ಷವೂ ಪ್ಲೇಆಫ್ ಇಲ್ಲದ ವಸಂತ. 2023ರ ನವೆಂಬರಿನಲ್ಲಿ ಎರಡೇ ದಿನದ ಅಂತರದಲ್ಲಿ 10–1, 10–2 ಅಂತ ಸೋತಾಗಲೂ ಬಂದು ಕೂತವರಿಗೆ ಒಂದು ಭರವಸೆ ಬೇಕಾಗುತ್ತದೆ. ಆ ಇಡೀ ಆಸೆಯನ್ನು ಒಬ್ಬ ಹುಡುಗನ ಪ್ಯಾಡಿಗೆ ಕಟ್ಟಿಬಿಟ್ಟಿದ್ದಾರೆ.

ಬಿಟ್ಟುಹೋದ ಗೋಲ್‌ಕೀಪರುಗಳ ಭಾಗ್ಯವೋ ಇನ್ನೊಂದು ಬಗೆ. 2024ರ ಡಿಸೆಂಬರಿನಲ್ಲಿ ಬ್ಲ್ಯಾಕ್‌ವುಡ್‌ನನ್ನು ಕೊಲರಾಡೊಗೆ ಕೊಟ್ಟು ಅಲ್ಲಿಂದ ಜಾರ್ಜಿಯೆವ್‌ನನ್ನು ತಂದರು. ವಾನೆಚೆಕ್‌ನನ್ನು 2025ರ ಮಾರ್ಚಿನಲ್ಲಿ ಫ್ಲಾರಿಡಾಕ್ಕೆ ಕಳಿಸಿದರು; ಅಲ್ಲಿ ಎರಡನೇ ಗೋಲ್‌ಕೀಪರಾಗಿ ಇದ್ದುಕೊಂಡೇ ಅವನು ಜೂನಿನಲ್ಲಿ ಕಪ್ ಎತ್ತಿದ. ರಾಯರು ಅವನ ದಶಮಾಂಶ ನೋಡಿ ಯಾವತ್ತೋ ಕೈ ತೊಳೆದುಕೊಂಡಿದ್ದರು.

2025ರ ಜುಲೈ ಒಂದಕ್ಕೆ ಇನ್ನೊಬ್ಬ ಬಂದ. ಅಸ್ಕರೋವ್ ಜೊತೆಗೆ ಇರಲಿ ಅಂತ ಪಿಟ್ಸ್‌ಬರ್ಗ್‌ನಿಂದ ಅಲೆಕ್ಸ್ ನೆಡೆಲ್ಕೊವಿಚ್. ಕೊಟ್ಟ ಬೆಲೆ 2028ರ ಒಂದು ಮೂರನೇ ಸುತ್ತಿನ ಪಿಕ್. ಆ ಡ್ರಾಫ್ಟಿಗೆ ಬರುವ ಹುಡುಗರಿಗೆ ಅವತ್ತಿಗೆ ಹದಿನೈದರ ಆಸುಪಾಸು, ಹೈಸ್ಕೂಲು. ಯಾವ ಹುಡುಗ, ಯಾವ ದೇಶದವನು, ಡಿಫೆಂಡರೋ ಸೆಂಟರೋ ಒಂದೂ ಗೊತ್ತಿಲ್ಲ. “ಆದ್ರೂ ಜಾಸ್ತಿ ಕೊಟ್ರು ಬಿಡಿ,” ಅಂದರು ರಾಯರು.