ಕ್ಯಾಮೆರಾ ಯಾರ ಕೈಯಲ್ಲಿರಬೇಕು?

ಇಂಗ್ಲೆಂಡಿನಲ್ಲಿ ಪಾರ್ಸೆಲ್ ಕೊಡಲು ಬಂದವನು ಫೋಟೊ ತೆಗೆಯುತ್ತಾನೆ. ನಮ್ಮ ಕಡೆ ಪಾರ್ಸೆಲ್ ತೆಗೆದುಕೊಂಡವರು ವಿಡಿಯೊ ಮಾಡಬೇಕು. ಬಾಗಲಕೋಟೆ ಜಿಲ್ಲೆಯಲ್ಲಿ ಹುಟ್ಟಿ ಲೆಸ್ಟರ್‌ನಲ್ಲಿ ನೆಲೆಸಿರುವ ನನಗೆ ಎರಡೂ ಕಡೆಯ ರವಾನೆ ವ್ಯವಹಾರದಲ್ಲಿ ಕಂಡ ಮುಖ್ಯ ಅಂತರ ಇದು. ವೇಗ, ಆ್ಯಪ್, ಸಮವಸ್ತ್ರ ಎಲ್ಲವೂ ಆಮೇಲಿನ ಮಾತು.

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಇಳಕಲ್ಲಿನ ಮನೆಯಿಂದಲೇ ಸೀರೆ ಮತ್ತು ಗುಳೇದಗುಡ್ಡದ ಖಣ ಮಾರುತ್ತಾರೆ. ಚಿತ್ರ ಇನ್‌ಸ್ಟಾಗ್ರಾಮ್‌ನಲ್ಲಿ, ಚೌಕಾಶಿ ವಾಟ್ಸ್‌ಆ್ಯಪ್‌ನಲ್ಲಿ, ರವಾನೆ ಅಂಚೆಯಲ್ಲೋ ಕೊರಿಯರ್‌ನಲ್ಲೋ. ಬ್ರಿಟನ್ನಿನ ಗಿರಾಕಿಗಳನ್ನು ನಾನು ನೋಡಿಕೊಳ್ಳುತ್ತೇನೆ. ವೈನಿಯ ಪುಟದಲ್ಲಿರುವ ಮೊದಲ ನಿಯಮ: ಪಾರ್ಸೆಲ್ ಬಿಚ್ಚುವಾಗ ಮಾಡಿದ, ಎಲ್ಲೂ ಕತ್ತರಿಸದ ವಿಡಿಯೊ ಇಲ್ಲದಿದ್ದರೆ ದೂರು ಸ್ವೀಕರಿಸುವುದಿಲ್ಲ. ಅಮೀನಗಡದಿಂದ ಕರದಂಟು ಕಳಿಸುವವರು, ವಿಜಯಪುರದಿಂದ ಕಡಕ್ ರೊಟ್ಟಿ ಕಳಿಸುವವರು ಕೂಡ ಇದನ್ನೇ ಬರೆಯುವುದನ್ನು ಕಂಡಿದ್ದೇನೆ. ದುಡ್ಡು ಕೊಟ್ಟ ಗಿರಾಕಿ ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ತಾನು ಕಳ್ಳನಲ್ಲವೆಂದು ತೋರಿಸಬೇಕೆ ಎಂದು ನಾನು ಜಗಳಕ್ಕೇ ನಿಂತಿದ್ದೆ. ಅಷ್ಟಕ್ಕೂ ಪಾರ್ಸೆಲ್ಲೇ ಬರದಿದ್ದರೆ ವಿಡಿಯೊ ಎಲ್ಲಿಂದ ಬರಬೇಕು? ವೈನಿ ಕೇಳಿದ್ದು ಒಂದೇ ಮಾತು: "ಸೀರೆ ಹೋದರೆ ನನಗೆ ಯಾರು ಕೊಡುತ್ತಾರೆ, ಅದನ್ನು ಮೊದಲು ಹೇಳಪ್ಪ."

ಲೆಕ್ಕ ನೋಡಿದರೆ ಅವರ ಮಾತೇ ಸರಿ. ಸ್ಪೀಡ್ ಪೋಸ್ಟ್ ಕಳೆದುಹೋದರೆ ಸಿಗುವ ಪರಿಹಾರ, ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಸೀರೆ ಆರು ಸಾವಿರದ್ದು, ಶುಲ್ಕ ನೂರು ಎಂದುಕೊಳ್ಳಿ. ಕೈಗೆ ಬರುವುದು ಇನ್ನೂರು. ಪರಿಹಾರವನ್ನು ಅಳೆಯುವುದು ಅಂಚೆ ಶುಲ್ಕದಿಂದ, ಒಳಗಿದ್ದ ವಸ್ತುವಿನ ಬೆಲೆಯಿಂದ ಅಲ್ಲ. 1898ರ ಅಂಚೆ ಕಾಯ್ದೆ ಇಲಾಖೆಯನ್ನು ನಷ್ಟದ ಹೊಣೆಯಿಂದ ಬಹುಮಟ್ಟಿಗೆ ಬಿಡಿಸಿಟ್ಟಿತ್ತು. ಅದರ ಜಾಗದಲ್ಲಿ 2024ರ ಜೂನ್ 18ರಂದು ಜಾರಿಗೆ ಬಂದ 2023ರ ಹೊಸ ಕಾಯ್ದೆಯೂ ನಿಯಮಗಳಲ್ಲಿ ಹೇಳಿದಷ್ಟನ್ನು ಬಿಟ್ಟರೆ ಹೊಣೆಯಿಲ್ಲ ಎನ್ನುತ್ತದೆ. ಬ್ರಿಟಿಷರು ಬಿಟ್ಟುಹೋದ ಕಾಯ್ದೆಯ ಭಾಷೆಯನ್ನು ತಿದ್ದಿದೆವು, ಧೋರಣೆಯನ್ನು ಜೋಪಾನವಾಗಿ ಉಳಿಸಿಕೊಂಡೆವು.

ಅತ್ತ ಬ್ರಿಟಿಷರು ತಮ್ಮ ಮನೆಯಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ 29ನೆಯ ಕಲಮಿನ ಪ್ರಕಾರ, ವಸ್ತು ಗ್ರಾಹಕನ ಕೈ ಸೇರುವವರೆಗೆ ಅದರ ಹೊಣೆ ಮಾರುವವನದು. ಬರಲಿಲ್ಲ ಎಂದು ಗಿರಾಕಿ ಹೇಳಿದರೆ, ಬಂದಿದೆ ಎಂದು ತೋರಿಸಬೇಕಾದವನು ನಾನು. ತೋರಿಸಲಾಗದಿದ್ದರೆ ಹಣ ಮರಳಿಸಿ, ಸಾಗಿಸಿದವರ ಬೆನ್ನು ಹತ್ತುತ್ತೇನೆ. ಅಲ್ಲಿನ ಅಂಚೆ ಸಂಸ್ಥೆ ರಾಯಲ್ ಮೇಲ್‌ನ ಟ್ರ್ಯಾಕ್ಡ್ (ಜಾಡು ತೋರಿಸುವ) ಸೇವೆಯಲ್ಲಿ 75 ಪೌಂಡ್‌ವರೆಗೆ ಪರಿಹಾರ ಸೇರಿಯೇ ಇದೆ. ವಸ್ತುವಿನ ಬೆಲೆಗೆ ದಾಖಲೆ, ಅಂಚೆಗೆ ಕೊಟ್ಟದ್ದಕ್ಕೆ ರಸೀದಿ ಬೇಕು. ಅಂಚೆ ಕಚೇರಿಯ ಕೌಂಟರ್‌ನಲ್ಲಿ ಕೇಳಿದರೆ ರಸೀದಿಯನ್ನು ಪುಕ್ಕಟೆ ಕೊಡುತ್ತಾರೆ. ಹೀಗೆ ಕೊನೆಗೆ ಹಣ ಬಿಚ್ಚಬೇಕಾದವನು ಸಾಗಿಸುವವನೇ ಆದ್ದರಿಂದ ಫೋಟೊ ತೆಗೆಯುವ ದರ್ದು ಕೂಡ ಅವನದೇ. ತೆರೆದ ಬಾಗಿಲು, ನೆಲದ ಮೇಲೆ ಡಬ್ಬಿ, ಅಂಚಿನಲ್ಲಿ ಮನೆಯವರ ಚಪ್ಪಲಿ ಕಾಲು: ಇಂಥ ಚಿತ್ರಗಳು ನನ್ನ ಮಿಂಚಂಚೆಯಲ್ಲಿ ರಾಶಿ ಬಿದ್ದಿವೆ.

ಇದನ್ನು ಓದಿ ಅಲ್ಲಿ ಪಾರ್ಸೆಲ್ ಕಳೆಯುವುದೇ ಇಲ್ಲ ಎಂದುಕೊಳ್ಳಬೇಡಿ. ಧಾರಾಳವಾಗಿ ಕಳೆಯುತ್ತವೆ. ಒಂದು ಕೊರಿಯರ್ ಕಂಪನಿ, ಹೆಸರು ಬೇಡ, ನಾನು ಕಳಿಸಿದ ಸೀರೆಯನ್ನು 'ತಲುಪಿಸಲಾಗಿದೆ' ಎಂದು ಘೋಷಿಸಿ ಹಸಿರು ಬಾಗಿಲೊಂದರ ಫೋಟೊ ಹಾಕಿತ್ತು. ಗಿರಾಕಿಯ ಬಾಗಿಲು ಬಿಳಿಯದು. ತಪ್ಪು ಮನೆಯ ಆ ಫೋಟೊವೇ ನನಗೆ ಸಾಕ್ಷಿಯಾಯಿತು, ಹಣ ಬಂತು. ಸೀರೆ ಯಾರದೋ ಮನೆಯ ಕಿಟಕಿಗೆ ಪರದೆಯಾಗಿರಬೇಕು. ರಾಯಲ್ ಮೇಲ್ ಕೂಡ 2024-25ರಲ್ಲಿ ಪ್ರಥಮ ದರ್ಜೆಯ ಟಪಾಲಿನಲ್ಲಿ ಶೇ 93ರಷ್ಟನ್ನು ಮುಂದಿನ ಕೆಲಸದ ದಿನಕ್ಕೆ ತಲುಪಿಸಬೇಕಿತ್ತು. ತಲುಪಿಸಿದ್ದು ಶೇ 77. ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2.1 ಕೋಟಿ ಪೌಂಡ್ ದಂಡ ಹಾಕಿತು. ತಡಮಾಡಿದ್ದಕ್ಕೆ ಅಂಚೆಯವರಿಗೇ ದಂಡ! ಇದನ್ನು ಹೇಳಿದಾಗ ಊರಿನಲ್ಲಿ ಯಾರೂ ನಂಬಲಿಲ್ಲ.

ವಿಳಾಸದ ವಿಷಯ ಬಂದರೆ ನಮ್ಮ ಜಿಲ್ಲೆಗಳದ್ದು ಬೇರೆಯೇ ಪುರಾಣ. ಬ್ರಿಟನ್ನಿನ ಒಂದು ಪೋಸ್ಟ್‌ಕೋಡ್ ಸರಾಸರಿ ಹದಿನೈದು ಮನೆಗಳನ್ನು ಹಿಡಿದುಕೊಡುತ್ತದೆ. ನಮ್ಮ ಪಿನ್ ಕೋಡ್ ತೋರಿಸುವುದು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು. ಅಲ್ಲಿಂದ ಮುಂದೆ ಪೋಸ್ಟ್‌ಮನ್ನನ ತಲೆಯೇ ನಕ್ಷೆ. ಆಲಮಟ್ಟಿ ಹಿನ್ನೀರಿನಿಂದಾಗಿ ಊರು ಬಿಟ್ಟವರ ವಿಳಾಸಗಳಲ್ಲಿ ಹಳೆಯ ಊರಿನ ಹೆಸರು ಹಾಗೆಯೇ ಇರುತ್ತದೆ, ಪಕ್ಕದಲ್ಲಿ 'ಪುನರ್ವಸತಿ ಕೇಂದ್ರ' ಎಂದು ಸೇರಿರುತ್ತದೆ. ಹಳೆಯ ಬಾಗಲಕೋಟೆಗೆ 587101, ಹೀಗೆ ಊರು ಬಿಟ್ಟವರಿಗೆ ಕಟ್ಟಿದ ನವನಗರಕ್ಕೆ 587103. ವಿಜಯಪುರದವರ ಪಾಡು ಇನ್ನೂ ಸ್ವಾರಸ್ಯ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಆದರೆ ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲೇ ಒಂದು ವಿಜಯಪುರವಿತ್ತು, 562135. ಛತ್ತೀಸಗಡದಲ್ಲಿ ಒಂದು ಬಿಜಾಪುರ ಇಂದಿಗೂ ಇದೆ. ಕೊರಿಯರ್ ಕಂಪನಿಗಳ ಪಟ್ಟಿಯಲ್ಲಿ ಊರಿನ ಹೆಸರನ್ನು ಆರಿಸುವಾಗ ಬೆರಳು ಜಾರಿದರೆ ಸೀರೆಗೆ ದೇಶ ಸಂಚಾರ. ವಿಜಯಪುರದ ಗಿರಾಕಿಗೆ ಕಳಿಸುವಾಗ ವೈನಿ 586 ಎಂಬ ಮೊದಲ ಮೂರು ಅಂಕಿಗಳನ್ನು ನೋಡದೆ ಚೀಟಿ ಅಂಟಿಸುವುದಿಲ್ಲ.

ಇಲ್ಲಿ ಹೊರನಾಡಿನವರು ಸಾಮಾನ್ಯವಾಗಿ ಭಾವುಕರಾಗುತ್ತಾರೆ. ನಮ್ಮೂರಿನ ಪೋಸ್ಟ್‌ಮನ್ನರಿಗೆ ಎಲ್ಲರೂ ಗೊತ್ತು, ಫೋನ್ ಮಾಡಿ ಕೇಳುತ್ತಾರೆ, ಬೀಗ ಹಾಕಿದ್ದರೆ ಮಗ್ಗದ ಮನೆಗೆ ತಂದು ಕೊಡುತ್ತಾರೆ, ಆ ಅಕ್ಕರೆ ಇಲ್ಲಿಲ್ಲ, ಇತ್ಯಾದಿ. ಎಲ್ಲವೂ ನಿಜವೇ. ಪರದೆಯ ಮೇಲೆ ನಾಲ್ಕು ದಿನದಿಂದ ಅಲುಗಾಡದ ಪಾರ್ಸೆಲ್ ಹುಬ್ಬಳ್ಳಿಯ ಚೀಲದಲ್ಲಿ ಸಿಕ್ಕಿಕೊಂಡಿದೆ ಎಂದು ವೈನಿಗೆ ತಿಳಿಯುವುದು ಆ್ಯಪ್‌ನಿಂದಲ್ಲ, ಬಾಗಿಲಿಗೆ ಬರುವ ಪೋಸ್ಟ್‌ಮನ್‌ನಿಂದ. ಆದರೆ ಅವರು ಹುಡುಕಿಕೊಡಬಲ್ಲರು, ತುಂಬಿಕೊಡಲಾರರು. ಒಬ್ಬರ ಒಳ್ಳೆಯತನದ ಮೇಲೆ ವ್ಯಾಪಾರ ನಡೆಸಿದರೆ ಅವರು ವರ್ಗವಾದ ದಿನ ವ್ಯಾಪಾರಕ್ಕೂ ರಜೆ.

ಸಮುದ್ರ ದಾಟುವ ಪಾರ್ಸೆಲ್‌ನದು ಮತ್ತೊಂದು ಗೋಳು. ಅಂತರರಾಷ್ಟ್ರೀಯ ಟ್ರ್ಯಾಕಿಂಗ್ ಸಂಖ್ಯೆಗೆ 13 ಸ್ಥಾನ: ಎರಡು ಅಕ್ಷರ, ಎಂಟು ಅಂಕಿ, ಆ ಎಂಟೂ ಸರಿಯಿವೆಯೇ ಎಂದು ಲೆಕ್ಕಹಾಕಿ ನೋಡಲು ಒಂದು ತಾಳೆ ಅಂಕಿ, ಕೊನೆಗೆ ದೇಶದ ಎರಡು ಅಕ್ಷರ, ಭಾರತವಾದರೆ ಐ ಮತ್ತು ಎನ್. ನಡುವೆ ಒಂದು ಅಂಕಿ ತಪ್ಪಾಗಿ ಬರೆದರೆ ತಾಳೆ ಅಂಕಿ ಸಾಮಾನ್ಯವಾಗಿ ಹೊಂದುವುದಿಲ್ಲ, ಆದ್ದರಿಂದ 'ಸಂಖ್ಯೆ ಅಮಾನ್ಯ' ಎಂದು ಬಂದೊಡನೆ ಪಾರ್ಸೆಲ್ ಹೋಯಿತು ಎಂದು ಎದೆ ಬಡಿದುಕೊಳ್ಳಬೇಕಿಲ್ಲ. ಭಾರತದಿಂದ ಹೊರಟಿತು ಎಂಬ ದಾಖಲೆಗೂ ಬ್ರಿಟನ್ನಿಗೆ ಬಂತು ಎಂಬ ದಾಖಲೆಗೂ ನಡುವೆ ಮೌನ ಸಹಜ. ಆ ಮೌನ ಉದ್ದವಾದರೆ ವಿಚಾರಣೆ ಶುರುವಾಗುವುದು ಕಳಿಸಿದ ಕಡೆಯಿಂದ, ಕಳಿಸಿದ ಆರು ತಿಂಗಳೊಳಗೆ. ನಾನು ಲೆಸ್ಟರ್‌ನಲ್ಲಿ ಎಷ್ಟು ಕೂಗಾಡಿದರೂ ಪ್ರಯೋಜನವಿಲ್ಲ, ವೈನಿಯೇ ರಸೀದಿ ಹಿಡಿದು ಇಳಕಲ್ಲಿನ ಅಂಚೆ ಕಚೇರಿಗೆ ಹೋಗಬೇಕು. ಆ ರಸೀದಿಯ ಅಕ್ಷರ ಮಾಸಿಹೋಗುತ್ತದೆ, ಅಂದೇ ಫೋಟೊ ತೆಗೆದಿಟ್ಟುಕೊಳ್ಳಿ.

ಊರಿನ ವ್ಯವಸ್ಥೆ ನಿಂತಲ್ಲೇ ನಿಂತಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನೊಳಗೆ ಸೇರಿತು. ಅದೇ ವರ್ಷದ ಅಕ್ಟೋಬರ್‌ನಿಂದ ಐದು ರೂಪಾಯಿ ಮತ್ತು ತೆರಿಗೆ ಕೊಟ್ಟರೆ ಒಟಿಪಿ ಹೇಳಿದವರಿಗೆ ಮಾತ್ರ ಬಟವಾಡೆ ಮಾಡುವ ಸೌಲಭ್ಯ ಬಂತು. ನನ್ನ ಲೆಕ್ಕದಲ್ಲಿ ಇದು ಮಾರುವವರಿಗೆ ದೊಡ್ಡ ಅನುಕೂಲ. ತೊಡಕು ಒಂದೇ: ಸೀರೆ ಹಳ್ಳಿಯ ಅವ್ವನಿಗೆ, ಕೊಟ್ಟಿರುವ ಮೊಬೈಲ್ ಸಂಖ್ಯೆ ಪುಣೆಯಲ್ಲಿರುವ ಮಗನದು.

ಒಟಿಪಿ ಕೂಡ ತಲುಪಿದ ಪಾರ್ಸೆಲ್‌ಗೆ ಮಾತ್ರ ಸಾಕ್ಷಿ. ಕಳೆದದ್ದಕ್ಕೆ ಬೇಕಾದದ್ದು ವಿಮೆ. ಅದು ಅಂಚೆಯಲ್ಲಿ ಇದೆ, ಪ್ರತ್ಯೇಕ ಶುಲ್ಕಕ್ಕೆ. ಆದರೆ ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಸಿಗುವಂಥದ್ದು. ತೂಕ ನೋಡುತ್ತಾರೆ, ಪಿನ್ ಕೇಳುತ್ತಾರೆ, ಮೊಬೈಲ್ ಸಂಖ್ಯೆ ಕೇಳುತ್ತಾರೆ. "ಒಳಗಿರುವ ವಸ್ತುವಿನ ಬೆಲೆ ಎಷ್ಟು, ವಿಮೆ ಬೇಕೆ" ಎಂಬುದನ್ನೂ ಕಡ್ಡಾಯವಾಗಿ ಕೇಳಲಿ, ಬೇಡ ಎಂದವರು ಬೇಡ ಎನ್ನಲಿ. ಖಾಸಗಿ ಕೊರಿಯರ್‌ನವರಿಗೂ ಇದೇ ಮಾತು. ಅವರಲ್ಲಿ ಹಲವರು ರಸೀದಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ತಮ್ಮ ಹೊಣೆಯನ್ನು ಪುಡಿಗಾಸಿಗೆ ಇಳಿಸಿಕೊಂಡಿರುತ್ತಾರೆ. ಸಾಲು ಉದ್ದವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಬರಲಿ. ಕಳೆದ ಸೀರೆಯ ದೂರು ಹೇಳಲು ಅದೇ ಕಿಟಕಿಯ ಮುಂದೆ ಮತ್ತೆ ಮತ್ತೆ ನಿಲ್ಲುವವರಿಂದಲೂ ಸಾಲು ಉದ್ದವಾಗುತ್ತಿದೆ.