ಎಕ್ಸ್‌ಪಿಗೊಂದು ಬಾಡಿಗೆ ಮನೆ

2003ರಲ್ಲಿ ಅಪ್ಪ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ ಸ್ಕ್ಯಾನರ್ ಇನ್ನೂ ಗುಂಡುಕಲ್ಲಿನ ಹಾಗಿದೆ. ಆದರೆ ಅದನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶ, ಅಂದರೆ ಡ್ರೈವರ್, ಹಳೆಯ ವಿಂಡೋಸ್ ಎಕ್ಸ್‌ಪಿ ಕಾಲದ 32 ಬಿಟ್‌ನದು. ಹೊಸ ಕಂಪ್ಯೂಟರಿನ 64 ಬಿಟ್ ವಿಂಡೋಸ್ ಅದನ್ನು ಹೊಸ್ತಿಲು ದಾಟಲೂ ಬಿಡುವುದಿಲ್ಲ. ‘ಗುಜರಿಗೆ ಹಾಕ್ರೀ’ ಎಂದಳು ಹೆಂಡತಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಮೂವತ್ತು ವರ್ಷದಿಂದ ಹುಣಸೆಹಣ್ಣು ತುಂಬಿಡುವ ಮನೆ ನಮ್ಮದು!

ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿ, ಅಪ್ಪನ ಹಳೆಯ ಸೀಡಿಯಿಂದ ಎಕ್ಸ್‌ಪಿಯನ್ನು ಒಳಗೆ ಬಾಡಿಗೆಗೆ ಕೂರಿಸಿದೆ. 512 ಎಂಬಿ ರ್‍ಯಾಮ್, 10 ಜಿಬಿ ಡಿಸ್ಕ್. ಬೆಂಗಳೂರಿನಲ್ಲಿ ಅಡ್ವಾನ್ಸ್ ಇಲ್ಲದೆ ಸಿಕ್ಕ ಮನೆ ಇದೊಂದೇ ಇರಬೇಕು. ಕರಾರು ಒಂದೇ: ಇಂಟರ್ನೆಟ್ ಇಲ್ಲ. 2014ರ ಏಪ್ರಿಲ್ 8ಕ್ಕೇ ಮೈಕ್ರೋಸಾಫ್ಟ್ ಕೈಬಿಟ್ಟ ಪ್ರಾಣಿ, ಹೊರಗೆ ಬಿಟ್ಟರೆ ಯಾವ ರೋಗ ಅಂಟಿಸಿಕೊಂಡು ಬರುತ್ತದೋ.

ತಮ್ಮನ ಜಾತಕ ಸ್ಕ್ಯಾನ್ ಆಗಬೇಕಿತ್ತು. ಸ್ಕ್ಯಾನರನ್ನು ಒಳಗಿನವನಿಗೆ ವಹಿಸಲು ಯುಎಸ್‌ಬಿ ಪಟ್ಟಿ ತೆರೆದು, ಕನ್ನಡಕವಿಲ್ಲದೆ, ಒಂದು ಸಾಲು ಮೇಲೆ ಟಿಕ್ ಹಾಕಿದೆ. ಅದು ವೈರ್‌ಲೆಸ್ ಕೀಬೋರ್ಡ್ ಮತ್ತು ಮೌಸ್ ಎರಡಕ್ಕೂ ಇದ್ದ ಒಂದೇ ಡಾಂಗಲ್, ಅಂದರೆ ಯುಎಸ್‌ಬಿ ಕಿಂಡಿಗೆ ಚುಚ್ಚುವ ಪುಟ್ಟ ರಿಸೀವರ್. ಒಂದು ಯುಎಸ್‌ಬಿ ಸಾಧನಕ್ಕೆ ಒಮ್ಮೆಗೆ ಒಬ್ಬನೇ ಯಜಮಾನ. ಮನೆ ಮಾಲೀಕನ ಎರಡು ಕೈಯನ್ನೂ ಬಾಡಿಗೆದಾರನಿಗೆ ಬರೆದುಕೊಟ್ಟಂತಾಯಿತು. ಮೌಸಿನ ಬಾಣ ಎಕ್ಸ್‌ಪಿಯ ಹಸಿರು ಗುಡ್ಡದ ಮೇಲೆ ಹಾಯಾಗಿ ಅಡ್ಡಾಡುತ್ತಿದೆ, ಚೌಕಟ್ಟು ದಾಟಿ ಬರಲೊಲ್ಲದು. ಬಿಡಿಸಿಕೊಳ್ಳಲು ಬಲಗಡೆಯ ಕಂಟ್ರೋಲ್ ಒತ್ತಬೇಕು, ಸರಿ. ಆದರೆ ಒತ್ತಬೇಕಾದ ಕೀಬೋರ್ಡೇ ಒಳಗೆ ಸೇರಿಕೊಂಡಿದೆಯಲ್ಲ! ನಾನು ಅದನ್ನು ಕುಟ್ಟುತ್ತಿದ್ದ ಸದ್ದಿಗೆ ಅಮ್ಮ ಅಡುಗೆಮನೆಯಿಂದ ಬಂದರು.

‘ಏನೋ ಅದು?’

‘ಕಂಪ್ಯೂಟರ್ ಒಳಗಿರೋ ಕಂಪ್ಯೂಟರ್ ಮೌಸ್ ಕೊಡ್ತಿಲ್ಲಮ್ಮ.’

ಅಮ್ಮ ನನ್ನ ಹಣೆ ಮುಟ್ಟಿ ನೋಡಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಮಿಕ್ಸಿ ಪ್ಲಗ್ಗಿಗೆ ಮಾಡುವ ಹಾಗೆಯೇ, ಮಿಣಮಿಣ ಅನ್ನುತ್ತಿದ್ದ ಡಾಂಗಲನ್ನು ಕಿತ್ತು ಮತ್ತೆ ಚುಚ್ಚಿದರು. ಬಾಣ ಹೊರಗೆ ಬಂತು. ನಾನು ಇದನ್ನು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.

ಈ ಸಲ ಕನ್ನಡಕ ಹಾಕಿಕೊಂಡು ಸ್ಕ್ಯಾನರಿಗೇ ಟಿಕ್ ಹಾಕಿದೆ. ದೀಪ ಕುಂಯ್ಯೋ ಎನ್ನುತ್ತ ಜಾತಕದ ಮೇಲೆ ತೆವಳಿತು. ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ ಅರಿಶಿನದ ಕಲೆಯೂ ಎದ್ದು ಕಾಣುತ್ತಿತ್ತು. ಆದರೆ ಅದೀಗ ಇಂಟರ್ನೆಟ್ ಇಲ್ಲದ ಬಾಡಿಗೆದಾರನ ಮನೆಯೊಳಗೆ. ಹೊರಗೆ ತರಲು ಇಬ್ಬರಿಗೂ ಕಾಣುವ ಶೇರ್ಡ್ ಫೋಲ್ಡರ್ ಬೇಕು, ಅದಕ್ಕೆ ಎಕ್ಸ್‌ಪಿಯೊಳಗೆ ವರ್ಚುವಲ್‌ಬಾಕ್ಸಿನ ಗೆಸ್ಟ್ ಅಡಿಷನ್ಸ್ ಎಂಬ ಪೂರಕ ತಂತ್ರಾಂಶ ಬೇಕು. ಅದನ್ನು ಹಾಕಿ ಎಕ್ಸ್‌ಪಿ ರೀಸ್ಟಾರ್ಟ್ ಮಾಡುವಾಗ ರಾತ್ರಿ ಹನ್ನೊಂದು.

‘ಮಲಕ್ಕೋ ಹೋಗು,’ ಅಂದರು ಅಮ್ಮ. ‘ಸಂಜೆನೇ ಫೋನಲ್ಲಿ ಫೋಟೋ ತೆಗೆದು ಕಳಿಸ್ದೆ. ಕುಜದೋಷ ಇದೆಯಂತೆ, ಬೇಡ ಅಂದ್ರು.’